ಡೌವೆಯ ಕಣ್ಣಿನ ಮೇಲಿನ ಪಟ್ಟಿ

ನನ್ನ ದೊಡ್ಡಮ್ಮ ವೀಪ್ಕೆ ಗ್ರೋನಿಂಗೆನ್ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಉದ್ದನೆಯ ಕೋಲು ಹಿಡಿದು ಕೊಳದ ಅಂಚಿನಲ್ಲಿ ನಡೆಯುತ್ತಾ, ಮುಳುಗುವಂತೆ ಕಂಡ ಮಗುವಿನ ಮುಂದೆ ಅದನ್ನು ಚಾಚುವುದು ಅವಳ ಕೆಲಸ. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಆ ಕೋಲು ಹಿಡಿದವರೇ. ಈಗಲೂ ಅಂಗಡಿಯಲ್ಲಿ ಅವಳನ್ನು ಕಂಡರೆ ಗಡ್ಡ ಬಿಟ್ಟ ಗಂಡಸರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಅವಳು ಮದುವೆಯಾಗಲಿಲ್ಲ. ಯಾರ ಮನೆಗೂ ಹೆಚ್ಚು ಹೋಗುವವಳಲ್ಲ. ಶಾಲೆ ಬಿಟ್ಟ ಮೇಲೆ ನಾನು ಅವಳ ಜೊತೆಯಲ್ಲೇ ಇದ್ದೇನೆ. ಯಾಕೆ ಬಿಟ್ಟೆ ಎಂದು ಅವಳು ಒಮ್ಮೆಯೂ ಕೇಳಿಲ್ಲ.

ಹೋದ ಚಳಿಗಾಲದ ಕೊನೆಗೆ ಹಾರ್ಮ್ ಎಂಬವರು ಫೋನ್ ಮಾಡಿದರು. ದೊಡ್ಡಮ್ಮನ ಯೌವನದಲ್ಲಿ ಈ ಊರಿನ ಹುಡುಗ ಹುಡುಗಿಯರು ಖಾಲಿ ಬಿದ್ದ ಕಟ್ಟಡಗಳ ಬೀಗ ಒಡೆದು ಒಳಗೆ ಸಂಸಾರ ಹೂಡುತ್ತಿದ್ದರು. ಪೊಲೀಸರು ಬಂದು ಎಳೆದು ಹಾಕುತ್ತಿದ್ದರು. ಆ ಚಳವಳಿಗೆ ಒಂದು ವಾರಪತ್ರಿಕೆ ಇತ್ತು, ಹೆಸರು ‘ಗ್ರೆಂಡೆಲ್’, ಎಂದರೆ ಅಗುಳಿ. ಹಾರ್ಮ್ ಅದರ ಸಂಪಾದಕರಲ್ಲಿ ಒಬ್ಬರು. ಅಂಥ ಪತ್ರಿಕೆಗಳನ್ನೆಲ್ಲ ಗ್ರಂಥಾಲಯದವರು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಹಾಕಿದ್ದಾರೆ, ಬರುವ ಶನಿವಾರ ಹಳಬರೆಲ್ಲ ಸೇರುತ್ತಾರೆ ಎಂದು ಹೇಳುವುದಕ್ಕೆ ಫೋನ್ ಮಾಡಿದ್ದರು.

“ಡೌವೆನೂ ಬರ್ತಾನೆ,” ಎಂದರು. “ನೀನು ಬರ್ತೀಯಾ ಅಂತ ಕೇಳ್ದ.”

ದೊಡ್ಡಮ್ಮ, ಶನಿವಾರ ಈಜಿನ ಕ್ಲಾಸಿದೆ ಎಂದಳು.

“ರಿಟೈರಾಗಿ ಎರಡು ವರ್ಷ ಆಯ್ತಲ್ಲೇ ನಿಂಗೆ. ಯಾರಿಗೆ ಕಲಿಸ್ತೀಯಾ, ಬಾತುಕೋಳಿಗಳಿಗಾ?”

ಅವಳು ನೋಡೋಣ ಎಂದು ಫೋನ್ ಇಟ್ಟಳು. ಆಮೇಲೆ ಆಲೂಗಡ್ಡೆ ಸುಲಿಯುತ್ತಾ ನನಗೆ ಹೇಳಿದಳು. ನನ್ನನ್ನು ನೋಡಿ ಹೇಳಲಿಲ್ಲ, ಆಲೂಗಡ್ಡೆಯನ್ನು ನೋಡಿಕೊಂಡು ಹೇಳಿದಳು. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಮಾತಾದ್ದರಿಂದ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ.

ಪತ್ರಿಕೆ ಒಂದು ನೆಲಮಾಳಿಗೆಯಲ್ಲಿ ತಯಾರಾಗುತ್ತಿತ್ತು. ಅಲ್ಲಿ ದೊಡ್ಡಮ್ಮನ ಕೆಲಸ ಕಣ್ಣು ಮುಚ್ಚುವುದು. ಮೆರವಣಿಗೆಯ ಫೋಟೋ ಆಗಲಿ, ಕಟ್ಟಡ ತೆರವಿನ ಫೋಟೋ ಆಗಲಿ, ಯಾರ ಕಣ್ಣೂ ಬಯಲಾಗಿ ಅಚ್ಚಾಗಬಾರದು ಎಂಬುದು ಅವರ ನಿಯಮ. ಅವಳು ಕಪ್ಪು ಟೇಪನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಒಂದೊಂದು ಮುಖಕ್ಕೂ ಅಂಟಿಸುತ್ತಿದ್ದಳು. ತಪ್ಪದೆ ಚಂದಾ ಕಟ್ಟಿ ಪತ್ರಿಕೆ ಓದುತ್ತಿದ್ದವರು ಪೊಲೀಸರು ಮಾತ್ರ ಎಂದು ಅಲ್ಲಿ ಎಲ್ಲರೂ ನಗುತ್ತಿದ್ದರಂತೆ.

ಹಳೆಯ ಸಕ್ಕರೆ ಗೋದಾಮನ್ನು ತೆರವು ಮಾಡಿಸಿದ ವಾರ ಒಂದು ದೊಡ್ಡ ಫೋಟೋ ಬಂತು. ಗೋದಾಮಿನ ಮಾಡಿನ ಮೇಲೆ ಸಾಲಾಗಿ ನಿಂತ ಹುಡುಗರು, ನಡುವೆ ಡೌವೆ. ಹಡಗು ನಡೆಸುವುದನ್ನು ಕಲಿಯುತ್ತಿದ್ದ ಹುಡುಗ. ಅವಳಿಗೆ ಅವನು ಇಷ್ಟ. ಅವನ ಕಣ್ಣನ್ನು ಕೊನೆಗೆಂದು ಉಳಿಸಿಕೊಂಡಳು. ಅಷ್ಟರಲ್ಲಿ ಟೇಪು ಮುಗಿಯುತ್ತಾ ಬಂದಿತ್ತು, ತರಲು ಹೋದಳು, ಮರಳಿ ಬರುವಷ್ಟರಲ್ಲಿ ಪುಟ ಅಚ್ಚಿಗೆ ಹೋಗಿತ್ತು. ಹೋಗುವ ಮೊದಲು ಅವನ ಪಟ್ಟಿ ಅಂಟಿಸಿದ್ದಳೇ, ಇಲ್ಲವೇ? ಅದು ಮಾತ್ರ ನೆನಪಿಗೆ ಬರಲಿಲ್ಲ.

ಪತ್ರಿಕೆ ಹೊರಬಂದ ಮೇಲೆ ಡೌವೆಯನ್ನು ಹಿಡಿದರು. ಮಾಡಿನ ಮೇಲಿಂದ ಎಸೆದ ಬಣ್ಣದ ಡಬ್ಬಿ ಒಬ್ಬ ಪೊಲೀಸನ ಭುಜ ಮುರಿದಿತ್ತು. ಪೊಲೀಸರ ಕೈಯಲ್ಲಿ ಫೋಟೋ ಇದೆ ಎಂಬ ಸುದ್ದಿ ಹಬ್ಬಿತು. ಅವನಿಗೆ ಜೈಲಾಯಿತು, ಹಡಗಿನ ಕಲಿಕೆ ನಿಂತುಹೋಯಿತು. ದೊಡ್ಡಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಕೇಳುವ ಮೊದಲೇ ಅವಳು ನೆಲಮಾಳಿಗೆಗೆ ಹೋಗುವುದನ್ನು ಬಿಟ್ಟಿದ್ದಳು. ಕೋರ್ಟಿಗೆ ಹೋಗಲಿಲ್ಲ, ಜೈಲಿಗೂ ಹೋಗಲಿಲ್ಲ, ಹಳೆಯ ಗೆಳೆಯರ ಕಣ್ಣಿಗೂ ಬೀಳಲಿಲ್ಲ. ಆ ಸಂಚಿಕೆಯನ್ನು ಒಮ್ಮೆಯೂ ತೆರೆದು ನೋಡಲಿಲ್ಲ.

“ನೋಡ್ಬಿಟ್ಟಿದ್ರೆ ಗೊತ್ತಾಗ್ತಿತ್ತಲ್ಲ ದೊಡ್ಡಮ್ಮ?” ಎಂದೆ.

“ಅದಕ್ಕೇ ನೋಡ್ಲಿಲ್ಲ ಕಣೋ.”

ಮರುದಿನ ಬೆಳಿಗ್ಗೆ ಅವಳು ಕನ್ನಡಕ ಒರೆಸಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ತೆರೆದಳು. ಡೌವೆಯ ಮುಖ ಬಯಲಾಗಿದ್ದರೆ ಶನಿವಾರ ಹೋಗುವುದಿಲ್ಲ, ಪಟ್ಟಿ ಇದ್ದರೆ ಹೋಗುತ್ತೇನೆ ಎಂದಳು. ಹುಡುಕುವ ಜಾಗದಲ್ಲಿ ಡೌವೆ ಎಂದು ಟೈಪ್ ಮಾಡಿದರೆ ಏನೂ ಬರಲಿಲ್ಲ. ಮುಖ ಮುಚ್ಚುತ್ತಿದ್ದವರು ಹೆಸರು ಬರೆಯುತ್ತಾರೆಯೇ? ಗೋದಾಮು ಎಂದು ಹುಡುಕಿದರೆ ಮಸುಕಾದ ಶಾಯಿಯನ್ನು ಯಂತ್ರ ಏನೆಂದು ಓದಿಕೊಂಡಿತ್ತೋ, ತುರಿಕೆ ಸೊಪ್ಪಿನ ಸಾರು ಮಾಡುವ ವಿಧಾನ ಬಂತು. ಇನ್ನೊಂದು ಕಡೆ, ನೆಲಮಾಳಿಗೆಯ ಕಾಫಿ ಪಾತ್ರೆ ಒಯ್ದವರು ತಂದಿಡಬೇಕು, ಆಸ್ತಿ ಎಲ್ಲರದು ಎಂಬ ಮಾತಿಗೆ ಕಾಫಿ ಪಾತ್ರೆ ಸೇರುವುದಿಲ್ಲ ಎಂಬ ಪ್ರಕಟಣೆ ಇತ್ತು. ಅದನ್ನು ಬರೆದವಳು ಅವಳೇ. ಒಂದು ಕ್ಷಣ ನಕ್ಕಳು.

ಕೊನೆಗೆ ಹುಡುಕುವುದನ್ನು ಬಿಟ್ಟು ಸಂಚಿಕೆಗಳನ್ನು ಒಂದೊಂದಾಗಿ ತಿರುವತೊಡಗಿದಳು. ಗೋದಾಮಿನ ಮಾಡು ಪರದೆಯ ಮೇಲೆ ಬಂದಾಗ ಅವಳ ಕೈ ನಿಂತುಹೋಯಿತು. ಚಿತ್ರ ದೊಡ್ಡದು ಮಾಡಲು ನನಗೆ ಹೇಳಲಿಲ್ಲ, ತಾನೇ ಮಾಡಿದಳು.

ಎಲ್ಲ ಕಣ್ಣುಗಳ ಮೇಲೂ ಪಟ್ಟಿ ಇತ್ತು. ಡೌವೆಯ ಕಣ್ಣಿನ ಮೇಲೂ ಇತ್ತು, ಸ್ವಲ್ಪ ಸೊಟ್ಟಗೆ.

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಆಮೇಲೆ ಹಾರ್ಮ್‌ಗೆ ಫೋನ್ ಮಾಡಿ, ಬರುತ್ತೇನೆ ಎಂದಳು, ಫೋಟೋದ ವಿಷಯವನ್ನೂ ಹೇಳಿದಳು. ಕೋರ್ಟಿನಲ್ಲಿ ತೋರಿಸಿದ್ದು ಪೊಲೀಸರೇ ಎದುರು ಮನೆಯ ಕಿಟಕಿಯಿಂದ ತೆಗೆದ ಫೋಟೋ, ಅದು ಮೊದಲ ದಿನವೇ ಎಲ್ಲರಿಗೂ ಗೊತ್ತಾಗಿತ್ತು ಎಂದರು ಹಾರ್ಮ್.

“ಅವತ್ತು ಒಂದು ಗಳಿಗೆ ಬಂದು ಕೂತಿದ್ರೆ ನಿಂಗೂ ಗೊತ್ತಾಗ್ತಿತ್ತು, ವೀಪ್ಕೆ.”

ಫೋನ್ ಇಟ್ಟ ಮೇಲೆ ಅವಳು ಕಂಪ್ಯೂಟರ್ ಮುಚ್ಚಲಿಲ್ಲ. ತಾನು ಬಿಟ್ಟುಹೋದ ಮೇಲಿನ ಸಂಚಿಕೆಗಳನ್ನು ಓದಿದಳು. ಹಿಂಬದಿಯ ಪುಟದಲ್ಲಿ ಜೈಲಿನಲ್ಲಿದ್ದವರ ಸುದ್ದಿ ಬರುತ್ತಿತ್ತು. ಯಾರಿಗೆ ಪತ್ರ ಬರೆಯಬೇಕು, ಯಾರನ್ನು ಯಾವ ದಿನ ನೋಡಬಹುದು ಎಂಬ ವಿವರ. ಅದರಲ್ಲಿ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹಾಕಿ ಡೌವೆ ಬರೆದು ಕಳಿಸಿದ ಸಾಲುಗಳನ್ನು ಅವಳು ಗಟ್ಟಿಯಾಗಿ ಓದಿದಳು: ‘ಭೇಟಿಗೆ ಗುರುವಾರ. ಊಟ ಪರವಾಗಿಲ್ಲ. ಪಟ್ಟಿ ಅಂಟಿಸುವವಳು ಕಾಣೆಯಾಗಿದ್ದಾಳೆ ಎಂದು ಗೆಳೆಯರು ಹೇಳಿದರು. ಅವಳಿಗೆ ಹೇಳಿ, ತಪ್ಪು ಅವಳದ್ದಲ್ಲ. ನನಗೆ ಸಿಟ್ಟಿಲ್ಲ. ಬರಲಿ.’ ಮುಂದಿನ ಸಂಚಿಕೆಯಲ್ಲೂ ಗುರುವಾರದ ಮಾತಿತ್ತು. ಅದರ ಮುಂದಿನದರಲ್ಲೂ ಇತ್ತು. ಆಮೇಲೆ ಇರಲಿಲ್ಲ.

ಆ ದಿನ ಅವಳು ಊಟ ಮಾಡಲಿಲ್ಲ. ಪಟ್ಟಿ ಇದೆಯಲ್ಲ ದೊಡ್ಡಮ್ಮ, ಈಗ ನಿನ್ನ ಮೇಲೆ ಏನೂ ಇಲ್ಲವಲ್ಲ ಎಂದು ನಾನು ಸಮಾಧಾನ ಹೇಳಲು ಹೋದೆ. ಹೇಳಬಾರದಿತ್ತು.

“ಮಾಡದೇ ಇರೋ ತಪ್ಪಿಗೆ ಹೆದರಿಕೊಂಡು ಕೂತೆ,” ಎಂದಳು. “ಆ ಹೆದರಿಕೇಲೇ ಮಾಡ್ದೆ ನೋಡು, ನಿಜವಾದ್ದನ್ನ.”

ಶನಿವಾರ ಹೋಗುವುದಿಲ್ಲವೇನೋ ಎಂದುಕೊಂಡಿದ್ದೆ. ಆದರೆ ಅವಳು ಸೈಕಲ್ ಹೊರಗೆ ತೆಗೆದಳು. ದಾರಿಯುದ್ದಕ್ಕೂ ಎದುರುಗಾಳಿ. ಗ್ರಂಥಾಲಯದಲ್ಲಿ ಬಿಳಿಕೂದಲಿನವರ ಗದ್ದಲ, ಕಾಫಿ, ಸಾಸಿವೆ ಹಚ್ಚಿದ ಚೀಸ್ ತುಂಡುಗಳು. ಎಲ್ಲರೂ ಪರದೆಯ ಮೇಲೆ ತಮ್ಮ ತಮ್ಮ ಮುಚ್ಚಿದ ಕಣ್ಣುಗಳನ್ನು ಗುರುತಿಸಿ ಕೇಕೆ ಹಾಕುತ್ತಿದ್ದರು. ಡೌವೆ ಒಂದು ಮೂಲೆಯಲ್ಲಿ ಕೂತಿದ್ದರು. ಕಾಲುವೆಗಳ ಸೇತುವೆ ಎತ್ತಿ ಇಳಿಸುವ ಕೆಲಸದಲ್ಲಿ ಅವರ ಆಯಸ್ಸು ಕಳೆಯಿತಂತೆ. ಬೇರೆಯವರು ನಡೆಸುವ ದೋಣಿಗಳಿಗೆ ದಾರಿ ಬಿಡುವುದು. ನಾನು ಕೋಟುಗಳನ್ನು ತೂಗುಹಾಕಿದ್ದ ಕಡೆ ನಿಂತಿದ್ದೆ, ಅವರ ಮಾತು ಕೇಳಿಸುವಷ್ಟು ಹತ್ತಿರ.

ದೊಡ್ಡಮ್ಮ ಅವರ ಎದುರು ಕೂತಳು. ಕೈ ಕೊಡಲಿಲ್ಲ.

“ಗುರುವಾರದ್ದು ಮೊನ್ನೆ ಓದ್ದೆ,” ಎಂದಳು.

“ಮೊನ್ನೆ,” ಎಂದರು ಡೌವೆ. “ಎಲ್ಲಿದ್ದೆ ಇಷ್ಟು ದಿನ?”

“ಇಲ್ಲೇ. ಈಜು ಕಲಿಸ್ತಿದ್ದೆ.”

“ಇದೇ ಊರಲ್ಲಿ?”

“ಇದೇ ಊರಲ್ಲಿ. ಜೈಲಿಂದ ಎರಡು ಬೀದಿ ಆಚೆ.”

ಡೌವೆ ಅವಳನ್ನು ನೋಡಿದರು. ಪರವಾಗಿಲ್ಲ ಬಿಡು ಎನ್ನುತ್ತಾರೆ ಎಂದು ನಾನು ಕಾದೆ.

“ಸಿಟ್ಟಿಲ್ಲ ಅಂತ ಬರೆದಿದ್ದೆ,” ಎಂದರು. “ಬರೆದಾಗ ಇರ್ಲಿಲ್ಲ. ಆಮೇಲೆ ಬಂತು.”

ದೊಡ್ಡಮ್ಮ ತಲೆಯಾಡಿಸಿದಳು. ಕ್ಷಮಿಸು ಎನ್ನಲಿಲ್ಲ, ವಿವರ ಕೊಡಲಿಲ್ಲ. ಅವರ ಮುಖದಿಂದ ಕಣ್ಣು ತೆಗೆಯದೆ ಅಲ್ಲೇ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಡೌವೆ ಒಂದೊಂದೇ ಗುರುವಾರದ ಕಥೆಯನ್ನು ಹೇಳತೊಡಗಿದರು, ಅವಳು ಕೇಳುತ್ತಾ ಹೋದಳು.