ಕೆರಿ ಏರಿ ಮ್ಯಾಲೆ ಹೊರಿ ಇಳಿಸಿದ ದಿನ

ಸ್ವಾತಂತ್ರ್ಯ ಬರಾಕ ಇನ್ನೂ ಎರಡು ವರ್ಷ ಇತ್ತು. ಮಾನ್ವಿ ಕಡಿ ನಮ್ಮೂರ ಕೆರಿಗಿ ಚಳಿಗಾಲಕ್ಕ ಬಾತು ಬರ್ತಿದ್ದವು, ತಲಿ ಮ್ಯಾಲೆ ಎರಡೆರಡು ಕರಿ ಪಟ್ಟಿ. ನಾನಾಗ ಹೊಸ ಸೊಸಿ. ನಮ್ಮ ಮಾವ ಕೆರಿ ನೀರಗಂಟಿ. ತೂಬು ಎತ್ತೋದು, ಇಳಿಸೋದು ಅವನ ಕೆಲಸ. ದಿನಾ ಮುಂಜಾನಿ ನಾನು ಏರಿ ದಾರಿ ಹಿಡಿದು ಹುಲ್ಲು ತರಾಕ ಹೋಗ್ತಿದ್ದೆ. ಸುಳ್ಳ್ಯಾಕ ಹೇಳಲಿ, ಹುಲ್ಲು ಬರೇ ನೆಪ. ಹಕ್ಕಿ ನೋಡಾಕ ಹೋಗ್ತಿದ್ದೆ.

ಕೈ ಬೀಸಿಕೊಂತ ಬಂದೋರನ್ನ ಕಂಡ್ರ ಬಾತು ದೂರದಿಂದನೇ ಹಾರ್ತಾವ. ತಲಿ ಮ್ಯಾಲೆ ಹುಲ್ಲಿನ ಹೊರಿ ಹೊತ್ತ ಹೆಣ್ಮಕ್ಕಳು ಹತ್ತು ಮಾರು ಹತ್ತಿರ ಹೋದ್ರೂ ಕತ್ತು ಎತ್ತಂಗಿಲ್ಲ. ಇದು ಜಾಗೀರದಾರನ ಮುನಶಿಗೂ ಗೊತ್ತಿತ್ತು. ರಾಯಚೂರಿಂದ ಸಾಹೇಬರು ಶಿಕಾರಿಗಿ ಬಂದರಂದ್ರ, ನಮ್ಮಂಥಾ ಹೆಂಗಸರನ್ನ ಬಿಟ್ಟಿ ಕರದು, ಹೊರಿ ಹೊರಿಸಿ ಮುಂದ ನಡಸ್ತಿದ್ದ. ಬಂದೂಕದವರು ಬಗ್ಗಿಕೊಂಡು ನಮ್ಮ ಸೀರಿ ಮರಿಗಿ ಬರೋರು. ಎಂಥಾ ಗಂಡಸ್ತನಪ್ಪಾ!

ಆ ವರ್ಷ ನನ್ನ ಪಾಳಿ ಬಂತು. "ಸುಮ್ನ ನಡಿ ಯವ್ವಾ. ಏನರ ಮಾಡಿದ್ರ ನನ್ನ ಕೆಲಸ ಹೋಗ್ತದ," ಅಂತ ಮಾವ ಕೈ ಮುಗಿದ. ಹೂಂ ಅಂದೆ. ಮನಸಿನಿಂದನೇ ಅಂದೆ. ಹೊರಿ ಹೊತ್ತು ಏರಿ ಮ್ಯಾಲೆ ಮುಂದ ನಡದೆ, ಬಂದೂಕದವರು ನನ್ನ ಹಿಂದ.

ದಂಡಿಗಿ ಮೇಯಾಕತ್ತಿದ್ದ ಒಂದು ಬಾತು ನನ್ನ ಕಡಿ ನೋಡಿತು. ದಿನಾ ನೋಡಿದಂಗ ನೋಡಿ, ಮತ್ತ ಮೇಯಾಕ ಹತ್ತಿತು. ನನ್ನ ನಂಬಿದ್ದಕ್ಕ ಇದು ಸಾಯಬೇಕೇನು? ಹೊರಿ ಧಪ್ಪಂತ ಕೆಳಗ ಒಗದು, ನೆಟ್ಟಗ ನಿಂತು, ಎರಡೂ ಕೈ ಬೀಸಿದೆ. ಕೆರಿಗಿ ಕೆರಿನೇ ಮ್ಯಾಲೆದ್ದಂಗಾತು. ಗುಂಡು ಹಾರಿದವು, ಒಂದೂ ತಾಗಲಿಲ್ಲ.

ಮುನಶಿ ಬೈಕೊಂತ ಬಂದ. ತೂಬಿನ ಕಡಿಯಿಂದ ಮಾವ ಓಡಿ ಬಂದು ಅಡ್ಡ ನಿಂತ. "ಕಾಲಾಗ ಮುಳ್ಳು ಮುರದದ ರೀ, ಪಾಪ, ಹೊರಿ ಜಾರ್ಯದ ರೀ." ಆ ಮಾತಿಗಿ ನಾನು ಹೂಂ ಅಂದಿದ್ರ ಎಲ್ಲಾ ಅಲ್ಲಿಗೇ ಮುಗೀತಿತ್ತು.

"ಮುಳ್ಳೂ ಇಲ್ಲ, ಏನೂ ಇಲ್ರೀ," ಅಂದೆ. "ಬೇಕಂತನೇ ಒಗದೀನಿ."

ಅವತ್ತು ಸಂಜಿಕನೇ ತೂಬಿನ ಕೆಲಸ ಬ್ಯಾರೆಯವರಿಗಿ ಹೋತು. ಮಾವ ಮೂರು ದಿನ ನನ್ನ ಕೈಯಿಂದ ನೀರೂ ಇಸಕೊಳ್ಳಲಿಲ್ಲ. ನಾಕನೇ ದಿನ ಮುಂಜಾನಿ ಎದ್ದು ಏರಿ ಕಡಿ ಹೊಂಟ.

"ಅಲ್ಲಿ ಈಗ ನಿಮಗೇನು ಕೆಲಸ ಮಾವಾ?" ಅಂದೆ, ಅಂಜಿಕೊಂತ.

"ಕೆಲಸ ಇಲ್ಲ, ಅದಕ್ಕ ಹೊಂಟೀನಿ. ಮೂವತ್ತು ವರ್ಷ ನೀರು ನೋಡೀನಿ, ಹಕ್ಕಿ ನೋಡಿಲ್ಲ. ನಡಿ ಬೇ, ತೋರಸು."