ಸಿಸ್ಟಮ್ ಅಕ್ಕ

ಅಕ್ಕನ ಹತ್ತೂ ಬೆರಳುಗಳ ತುದಿ ತೊನ್ನಿನಿಂದ ಬೆಳ್ಳಗಾಗಿತ್ತು. ಆಕೆ ಮುಟ್ಟಿದ ಲೋಟದಲ್ಲಿ ಕಾಫಿ ಕುಡಿಯಲು ನಮ್ಮ ಆಫೀಸಿನಲ್ಲಿ ಹಲವರು ಹಿಂಜರಿಯುತ್ತಿದ್ದರು. ಕಂಪ್ಯೂಟರು ಕೆಟ್ಟು ನಿಂತರೆ ಮಾತ್ರ ಎಲ್ಲರಿಗೂ ಆ ಬೆರಳುಗಳೇ ಬೇಕು.

ತಿರುಪ್ಪೂರಿನ ಬನಿಯನ್ ಕಂಪನಿ ಅದು. ಆರ್ಡರು ಟೈಪು ಮಾಡುವ ನಾವು ಹನ್ನೆರಡು ಹೆಂಗಸರು. ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದುದರಿಂದ ಆಕೆ ಎಲ್ಲರಿಗೂ ಸಿಸ್ಟಮ್ ಅಕ್ಕ. ಮಡತ್ತುಕುಳಂ ಕಡೆಯ ಕನ್ನಡದ ಬೇಸಾಯಗಾರರ ಮನೆಯವರು. ನಮ್ಮ ಮನೆಯಲ್ಲೂ ಕನ್ನಡವೇ ಎಂದು ತಿಳಿದ ಮೇಲೆ, ಎಲ್ಲರೊಡನೆ ತಮಿಳು ಆಡಿದರೂ ನನ್ನೊಡನೆ ತಗ್ಗಿದ ದನಿಯಲ್ಲಿ ಕನ್ನಡ.

ಬೆಳಿಗ್ಗೆ ಬಂದವರೇ ಒಂದೊಂದು ಕಂಪ್ಯೂಟರಿನಲ್ಲೂ ಟಾಸ್ಕ್ ಮ್ಯಾನೇಜರ್ ತೆರೆದು, ಒಳಗೆ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದುವರು. ನನಗೂ ಓದಲು ಕಲಿಸಿದರು. "ಹೆಸರು ನೋಡಿ ನಂಬಬೇಡ ತಂಗಚ್ಚಿ. ಎಷ್ಟು ಮೆಮೊರಿ ತಿಂತದೆ, ಎಲ್ಲಿಗೆ ಏನು ಕಳಿಸ್ತದೆ, ಅದನ್ನ ನೋಡು."

ಒಂದು ಮಧ್ಯಾಹ್ನ ನನ್ನ ಕಂಪ್ಯೂಟರು ತೆವಳತೊಡಗಿತು. ಅಕ್ಕ ಬಂದು, "ಕೈ ತೆಗೆದು ಸುಮ್ನೆ ಕೂತ್ಕೊ" ಎಂದರು. ನಾನು ಏನೂ ಮುಟ್ಟದಿದ್ದರೂ ನೆಟ್‌ವರ್ಕಿನ ಗೆರೆ ನಿಮಿಷಕ್ಕೊಮ್ಮೆ ಎದ್ದು ಬೀಳುತ್ತಿತ್ತು. ಪ್ರಿಂಟರಿನದೆಂಬಂತೆ ಹೆಸರಿಟ್ಟುಕೊಂಡ ಪ್ರೋಗ್ರಾಮೊಂದು ಏನನ್ನೋ ಕಳಿಸುತ್ತಿತ್ತು. ನನ್ನ ಮೇಜಿಗೆ ಪ್ರಿಂಟರೇ ಇರಲಿಲ್ಲ. ಅಕ್ಕ ಜಾಡು ಹಿಡಿದು ಅದರ ಫೋಲ್ಡರ್ ತೆರೆದರು. ತುಂಬಾ ನನ್ನ ಚಿತ್ರಗಳು. ಊಟ ಮಾಡುವಾಗ, ದುಪಟ್ಟಾ ಸರಿಮಾಡಿಕೊಳ್ಳುವಾಗ, ಬಾಗಿದಾಗ, ಕಂಪ್ಯೂಟರಿನ ಕ್ಯಾಮೆರಾ ತೆಗೆದವು. ಹನ್ನೆರಡು ಕಂಪ್ಯೂಟರುಗಳಲ್ಲೂ ಅದೇ. ಎಲ್ಲವೂ ಹೋಗಿ ಸೇರುತ್ತಿದ್ದುದು ಮ್ಯಾನೇಜರ್ ಕೋಣೆಯ ಕಂಪ್ಯೂಟರಿಗೆ.

ಅವನೂ ಉಳಿದ ಹೆಂಗಸರೂ ಊಟಕ್ಕೆ ಹೋಗಿದ್ದರು. ಅಕ್ಕ ಅವನ ಕಂಪ್ಯೂಟರಿನಿಂದಲೂ ನಮ್ಮವುಗಳಿಂದಲೂ ಚಿತ್ರಗಳನ್ನೆಲ್ಲ ಅಳಿಸಿದರು.

"ಸಾಕ್ಷಿಗೆ ಬೇಡವಾ ಅಕ್ಕ?" ಎಂದೆ.

"ಸಾಕ್ಷಿ ಅಂತ ಇಟ್ರೆ ಇನ್ನೂ ಹತ್ತು ಗಂಡಸರು ನೋಡ್ತಾರೆ. ನೀನು ಕಣ್ಣಾರೆ ನೋಡಿದ್ದೀಯಲ್ಲ, ಸಾಕು."

ಸಂಜೆ ಅಕ್ಕ ನನ್ನನ್ನು ಕರೆದುಕೊಂಡು ಯಜಮಾನರ ಕೋಣೆಗೆ ಹೋಗಿ ದೂರು ಹೇಳಿದರು. ಯಜಮಾನರು ಮ್ಯಾನೇಜರನ್ನು ಕರೆಸಿದರು. ಆ ಪ್ರೋಗ್ರಾಮು ಹಾಕಿದವಳು ಈಕೆಯೇ, ಸಿಕ್ಕಿಬೀಳುವ ಹೊತ್ತಿಗೆ ಅಳಿಸಿದ್ದಾಳೆ ಎಂದ ಮ್ಯಾನೇಜರ್. ಯಜಮಾನರು ನನ್ನ ಕಡೆ ತಿರುಗಿ, "ನೀನು ಏನಮ್ಮಾ ನೋಡಿದೆ?" ಎಂದು ತಮಿಳಿನಲ್ಲಿ ಕೇಳಿದರು. ಮುಂದಿನ ತಿಂಗಳು ನನ್ನ ಮದುವೆಯಿತ್ತು. ಆ ಚಿತ್ರಗಳ ಮಾತು ಗಂಡಿನ ಮನೆಗೆ ಮುಟ್ಟಿದರೆ ಎಂಬ ಒಂದೇ ಯೋಚನೆ.

"ನಾನೇನೂ ನೋಡಲಿಲ್ಲ ಸಾರ್" ಎಂದೆ.

ಅಕ್ಕ ನನ್ನತ್ತ ತಿರುಗಲಿಲ್ಲ. ಆವತ್ತೇ ಆಕೆಯನ್ನು ಕೆಲಸದಿಂದ ತೆಗೆದರು. ಹೆಂಗಸರ ಚಿತ್ರ ಕದ್ದವಳೆಂಬ ಮಾತು ಉಳಿದ ಕಂಪನಿಗಳಿಗೂ ಹಬ್ಬಿ, ಎಲ್ಲೂ ಕೆಲಸ ಸಿಗದೆ ಊರಿಗೆ ಹಿಂದಿರುಗಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತರಂತೆ. ನಾನು ಒಮ್ಮೆಯೂ ಫೋನ್ ಮಾಡಲಿಲ್ಲ. ಮೂರನೆಯ ವರ್ಷ, ಕಾಮಾಲೆಯಿಂದ ತೀರಿಕೊಂಡರೆಂದು ಗೊತ್ತಾಯಿತು.

ಹದಿನಾರನೆಯ ದಿನದ ಕಾರ್ಯಕ್ಕೆ ಹೋದೆ. ಜಗಲಿಯ ಮೇಲಿದ್ದ ಆಕೆಯ ತಾಯಿಯ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿಕೊಂಡೆ.

"ಗೊತ್ತು. 'ಪಾಪ, ಮದುವೆ ಆಗೋ ಹುಡುಗಿ, ಏನು ಮಾಡ್ತಾಳೆ' ಅಂದಿದ್ಲು." ಆಮೇಲೆ ಬೀದಿಯ ಕಡೆ ನೋಡುತ್ತ ಹೇಳಿದರು: "ಆದ್ರೆ ನೀನು ಒಂದು ದಿನ ಬರ್ತೀಯ ಅಂತ, ತಿರುಪ್ಪೂರ್ ಬಸ್ ನಿಂತಾಗೆಲ್ಲ ಎದ್ದು ಹೊರಗೆ ಬರ್ತಿದ್ಲು. ಒಂದು ವರ್ಷ ಹಾಗೇ ಮಾಡಿದ್ಲು."

ನನಗೆ ತಲೆ ಎತ್ತಲಾಗಲಿಲ್ಲ. ಅವರೇ ನನ್ನ ಕೈ ಹಿಡಿದು ಎಬ್ಬಿಸಿ, "ಎಲೆ ಹಾಕಿದಾರೆ, ಉಂಡು ಹೋಗು" ಎಂದು ಒಳಗೆ ಕರೆದರು.