ನೂರಕ್ಕೆ ಒಂದು ಲೀಟರ್

ಆಗ ಕೊಂಕಲ್‌ನ ನಮ್ಮ ಓಣಿಯಲ್ಲಿ ಕಾಳಿಗೆ ಸೇರು, ಹೂವಿಗೆ ಮೊಳ, ನೀರಿಗೆ ತಂಬಿಗೆ. ಅಷ್ಟರಲ್ಲೇ ಬದುಕು ಸರಾಗವಾಗಿ ನಡೆಯುತ್ತಿತ್ತು. ಮೀಟರು, ಲೀಟರು ಇದ್ದದ್ದು ಶಾಲೆಯ ಕರಿಹಲಗೆಯ ಮೇಲೆ. ನಾನು ಐದನೇ ತರಗತಿಯಲ್ಲಿದ್ದೆ. ನೂರು ಸೆಂಟಿಮೀಟರಿಗೆ ಒಂದು ಮೀಟರ್ ಎಂದು ಎಲ್ಲರಿಗಿಂತ ಮೊದಲು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ. ಕುಂಟಬಿಲ್ಲೆಯ ಮನೆಗಳನ್ನೂ ಸ್ಕೇಲು ಹಿಡಿದೇ ಗೀಚುತ್ತಿದ್ದೆ.

ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಎಲ್ಲೆಲ್ಲೂ ಹಸಿಮಣ್ಣಿನ, ಕೊಳೆತ ಮಾವಿನ ಸಿಪ್ಪೆಯ ವಾಸನೆ, ನೊಣವೋ ನೊಣ. ಎರಡು ವರ್ಷದ ತಮ್ಮ ಮಲ್ಲುಗೆ ವಾಂತಿ ಭೇದಿ ಹತ್ತಿತು. ಅಪ್ಪ, ಅವ್ವ ಬಿತ್ತನೆಯ ಕೂಲಿಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಆಯಿ, ಅಂದರೆ ಅಪ್ಪನ ತಾಯಿ. ಓಣಿಯ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಬಂದು ಓಆರ್‌ಎಸ್ ಪಾಕೀಟು ಕೊಟ್ಟಳು.

"ಕಾಸಿ ಆರಿಸಿದ ನೀರು ಒಂದ್ ಲೀಟರ್, ಅದರಾಗ ಪೂರಾ ಪಾಕೀಟ ಕಲಸ್ರಿ. ಗುಟುಕು ಗುಟುಕು ಕುಡಸ್ರಿ" ಎಂದು ಹೇಳಿ ಮುಂದಿನ ಮನೆಗೆ ಓಡಿದಳು.

ಆಯಿ ನೀರು ಆರಿಸಿ ತಂಬಿಗೆಯ ಕುತ್ತಿಗೆಯವರೆಗೆ ತುಂಬಿದಳು. "ಹ್ವಾದ ವರ್ಷ ಆಕೀನೇ ತೋರ್ಸಿದ್ಲು, ಇಲ್ಲೀತನ."

"ಅದು ಭಾಳ ಆತು ಆಯಿ! ನೂರು ಮಿಲಿಗೆ ಒಂದ್ ಲೀಟರ್. ಸಾಲಿಗಿ ಹೋಗಾಕಿ ನೀನೋ, ನಾನೋ?"

ಆಯಿಯ ಮುಖ ಸಣ್ಣದಾಯಿತು. "ನೀ ಓದಾಕಿ. ನಿಂದೇ ಖರೇ ಇರಬೇಕು ತಗೋ."

ಮನೆಯಲ್ಲಿ ಕೂಲ್‌ಡ್ರಿಂಕ್ಸಿನ ಹಳೆಯ ಬಾಟಲಿಯೊಂದಿತ್ತು. ಅದರ ಮೇಲೆ ಇನ್ನೂರು ಮಿಲಿ ಎಂದು ಬರೆದಿತ್ತು. ಅದನ್ನು ತೊಳೆದು, ಅರ್ಧಕ್ಕೆ ನೀರು ಹಾಕಿ, ಇಡೀ ಪಾಕೀಟು ಸುರಿದೆ. ಕಿತ್ತಳೆಯ ಘಮ ಬಂತು. ತಳದಲ್ಲಿ ಪುಡಿ ಕರಗದೆ ಕುಳಿತಿತ್ತು, ಅಲುಗಾಡಿಸಿಯೇ ಅಲುಗಾಡಿಸಿದೆ. ಮಲ್ಲು ಒಂದು ಚಮಚಕ್ಕೇ ಮುಖ ಕಿವುಚಿ ಕಾರಿಕೊಂಡ. ಔಷಧವೆಂದರೆ ಹಾಗೇ ಇರುತ್ತದೆ ಎಂದು ಮೂಗು ಹಿಡಿದು ಕುಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣು ಒಳಗೆ ಹೋಗಿದ್ದವು. ಅಳುತ್ತಿದ್ದ, ಕಣ್ಣೀರು ಬರುತ್ತಿರಲಿಲ್ಲ. ಓಡಿಹೋಗಿ ಆಶಾ ಅಕ್ಕನನ್ನು ಕರೆತಂದೆ.

ಆಕೆ ಬಾಟಲಿಯ ನೀರನ್ನು ನಾಲಿಗೆಗೆ ಹಚ್ಚಿಕೊಂಡು ಹೌಹಾರಿದಳು. "ಅಯ್ಯಯ್ಯ, ಬರೇ ಉಪ್ಪಾಗ್ಯಾದಲ್ಲ! ಲೀಟರಿಗಿ ಸಾವಿರ ಮಿಲಿ. ಹತ್ತು ಪಟ್ಟು ನೀರು ಬೇಕಿತ್ತು. ಯಾರು ಕಲಸ್ಯಾರ ಇದನ್ನ?"

ನಾನು ಆಯಿಯ ಬೆನ್ನ ಹಿಂದೆ ಸರಿದೆ.

"ನಾನೇ ರೀ" ಅಂದಳು ಆಯಿ. "ಅಕ್ಷರ ಬರಂಗಿಲ್ಲ ನೋಡ್ರಿ, ತಪ್ಪ ಮಾಡೀನಿ."

ಆಟೋದಲ್ಲಿ ಯಾದಗಿರಿ ಆಸ್ಪತ್ರೆಗೆ ಒಯ್ದೆವು. ಸಲಾಯಿನ್ ಏರಿಸಿದ ಮೇಲೆ ಮಲ್ಲು ಉಳಿದ. ಅಪ್ಪ ಎಲ್ಲರೆದುರು ಆಯಿಗೆ ಬೈದ. ಅವ್ವ ಎಷ್ಟೋ ತಿಂಗಳು ಮಗನನ್ನು ಆಕೆಯ ಕೈಗೆ ಕೊಡಲಿಲ್ಲ. ಮಲ್ಲು ತಾನಾಗಿ ತೊಡೆ ಏರಿದರೂ ಎಳೆದುಕೊಂಡು ಹೋಗುತ್ತಿದ್ದಳು. ಸುಳ್ಳು ಯಾಕೆ ಹೇಳಿದಿ ಎಂದು ಒಮ್ಮೆ ಹಿತ್ತಲಲ್ಲಿ ಆಯಿಯನ್ನು ಕೇಳಿದೆ.

"ನಂಗ ಬೈದ್ರ ಏನಾಗ್ತದ? ನಿಂದು ಅಂತ ಗೊತ್ತಾಗಿದ್ರ ನಿಮ್ಮಪ್ಪ ಸಾಲಿ ಬಿಡಸ್ತಿದ್ದ" ಅಂದಳು.

ಸಾಲಿ ಬಿಡಲಿಲ್ಲ. ಈಗ ಶಹಾಪುರದ ಔಷಧ ಅಂಗಡಿಯೊಂದರಲ್ಲಿ ಫಾರ್ಮಾಸಿಸ್ಟ್ ಆಗಿದ್ದೇನೆ. ನನ್ನ ಕೈಯಲ್ಲಿ ಅಳತೆ ತಪ್ಪುವುದಿಲ್ಲ, ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಮಲ್ಲು ಕಾಲೇಜಿಗೆ ಹೋಗುತ್ತಾನೆ, ನನಗಿಂತ ಗೇಣು ಎತ್ತರ. ಆಯಿ ತೀರಿಹೋಗಿ ನಾಲ್ಕು ವರ್ಷವಾಯಿತು.

ಹೋದ ವಾರ ಊಟಕ್ಕೆ ಕುಳಿತಾಗ ಅವ್ವ ಎಂದಿನಂತೆ ಅಂದಳು: "ಆ ಮುದುಕಿ ಅವತ್ತ ನನ್ನ ಮಗನ್ನ ಕೊಂದೇಬಿಡ್ತಿದ್ಲು."

"ಆಯಿ ಅಲ್ಲ ಯವ್ವಾ. ಕಲಸಿದಾಕಿ ನಾನು" ಎಂದೆ, ಮೊದಲ ಸಲ.

ಅವ್ವ ಬೈಯಲಿಲ್ಲ. ಮುರಿದ ರೊಟ್ಟಿಯನ್ನು ತಿರುಗಿ ತಟ್ಟೆಯಲ್ಲಿಟ್ಟಳು.

"ಕಡೀತನ ಆಕಿ ಕೈಲೆ ಒಂದ್ ತುತ್ತು ಉಣ್ಣಾಕ ಬಿಡಲಿಲ್ಲ ನಾ ಅವಂಗ" ಅಂದಳು. "ಆಕಿ ಇದ್ದಾಗ ಹೇಳಬಾರದಿತ್ತೇನ?"